ಮೂಡಲಗಿಯಿಂದ ಗೋಕಾಕಕ್ಕೆ, ಬದಲಾದಷ್ಟೇ

ಗೋಕಾಕದಲ್ಲಿ ಪ್ರಧಾನ ಕಚೇರಿ, ಮೂಡಲಗಿ ಮತ್ತು ಹುಕ್ಕೇರಿಯಲ್ಲಿ ಶಾಖೆ ಇರುವ ಒಂದು ಪತ್ತಿನ ಸಂಘ ಇದೆ ಎಂದಿಟ್ಟುಕೊಳ್ಳಿ. ಕರೆಂಟನ್ನೂ ಸಹಕಾರ ಸಂಘವೇ ಹಂಚುವ ಹುಕ್ಕೇರಿ ಸೀಮೆಗೆ ಇಂಥ ಸಂಘ ಹೊಸದೇನಲ್ಲ. ದಿನದ ವಹಿವಾಟು ಮುಗಿದ ಮೇಲೆ ಶಾಖೆಗಳ ಫೈಲುಗಳು ಗೋಕಾಕಕ್ಕೂ ಬರಬೇಕು. ಪೆನ್‌ಡ್ರೈವ್ ಜೇಬಿಗಿಟ್ಟು ಬಸ್ ಹತ್ತುವುದೂ ಒಂದು ದಾರಿಯೇ. ಲಿನಕ್ಸ್‌ನಲ್ಲಿ ಇದಕ್ಕೆಂದೇ ‘ಆರ್‌ಸಿಂಕ್’ ಇದೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದದ್ದು.

ಗಾತ್ರವೂ ತಿದ್ದಿದ ಸಮಯವೂ ತಾಳೆಯಾದ ಫೈಲನ್ನು ಅದು ಮುಟ್ಟುವುದೇ ಇಲ್ಲ. ಸ್ವಾರಸ್ಯ ಇರುವುದು ಬದಲಾದ ಫೈಲಿನಲ್ಲಿ. ಹೊಸ ಪ್ರತಿ ಮೂಡಲಗಿಯಲ್ಲಿದೆ, ನಿನ್ನೆಯದು ಗೋಕಾಕದಲ್ಲಿ. ಎರಡನ್ನೂ ಒಂದೆಡೆ ಇಡದೆ ವ್ಯತ್ಯಾಸ ಹುಡುಕುವುದು ಹೇಗೆ? ಗೋಕಾಕದ ಯಂತ್ರ ತನ್ನ ಹಳೆಯ ಪ್ರತಿಯನ್ನು ಸಮ ತುಂಡುಗಳಾಗಿ ಕತ್ತರಿಸಿ, ತುಂಡಿನ ಗುರುತು ಹೇಳುವ ಪುಟ್ಟ ಸಂಖ್ಯೆಗಳನ್ನು, ಅಂದರೆ ತುಂಡಿಗೆರಡು ಚೆಕ್‌ಸಮ್‌ನಂತೆ ಲೆಕ್ಕಹಾಕಿ, ಆ ಪಟ್ಟಿಯನ್ನಷ್ಟೇ ಮೂಡಲಗಿಗೆ ಕಳಿಸುತ್ತದೆ.

ಆದರೆ ಫೈಲಿನ ತಲೆಯಲ್ಲಿ ಒಂದೇ ಸಾಲು ಸೇರಿದರೂ ಮುಂದಿನ ತುಂಡುಗಳ ಗಡಿಯೆಲ್ಲ ಜರುಗಿಬಿಡುತ್ತದಲ್ಲ? ಅದಕ್ಕೇ ಮೂಡಲಗಿಯ ಯಂತ್ರ ಒಂದು ತುಂಡಿನಗಲದ ಕಿಂಡಿಯನ್ನು ತನ್ನ ಫೈಲಿನುದ್ದಕ್ಕೂ ಬೈಟ್ ಬೈಟಾಗಿ ಸರಿಸುತ್ತ ಹೋಗುತ್ತದೆ. ಪ್ರತಿ ಸಲವೂ ಮೊದಲಿನಿಂದ ಕೂಡುತ್ತ ಕೂತರೆ ಬೆಳಗಾದೀತು. ಹೊರಬಿದ್ದ ಬೈಟನ್ನು ಕಳೆದು, ಒಳಬಂದದ್ದನ್ನು ಕೂಡಿದರೆ ಸಾಕಾಗುವಂತೆ 32 ಬಿಟ್‌ನ ಮೊದಲ ಚೆಕ್‌ಸಮ್ಮನ್ನು ಹೆಣೆದಿರುವುದೇ ಇಲ್ಲಿಯ ಜಾಣತನ. ಅದು ಗೋಕಾಕದ ಪಟ್ಟಿಯಲ್ಲಿರುವ ಯಾವುದಾದರೊಂದಕ್ಕೆ ಹೊಂದಿದಾಗ ಮಾತ್ರ 128 ಬಿಟ್‌ನ ಎರಡನೆಯದನ್ನು ಲೆಕ್ಕಹಾಕಿ ಖಾತ್ರಿ ಮಾಡಿಕೊಳ್ಳುತ್ತದೆ. ಹೊಂದಿದ ತುಂಡಿಗೆ ‘ನಿನ್ನ ಬಳಿಯ ಇಂತಿಷ್ಟನೇ ತುಂಡು’ ಎಂಬ ಸೂಚನೆ ಹೋಗುತ್ತದೆ. ಹೊಂದದ ಬೈಟುಗಳಷ್ಟೇ ಪ್ರಯಾಣ ಹೊರಡುತ್ತವೆ.

ಎಕ್ಸೆಲ್ ಫೈಲಿಗೆ ಈ ಉಪಾಯ ಅಷ್ಟಾಗಿ ಫಲಿಸದು. ಅದು ಒಳಗೆ ಜಿಪ್ ಆಗಿರುವುದರಿಂದ ಒಂದು ಅಂಕಿ ತಿದ್ದಿದರೂ ಬಹಳಷ್ಟು ಬೈಟುಗಳು ಬೇರೆಯಾಗುತ್ತವೆ. ಲೆಕ್ಕವನ್ನು ಸಿಎಸ್‌ವಿಯಲ್ಲಿ ಇಡುವುದೇ ನನ್ನ ಮಟ್ಟಿಗೆ ಮೇಲು.

ಉಳಿದದ್ದು ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್. ಊರುಗಳ ಹೆಸರಿನ ಮೇಲೆ ಒಂದು ಫಾರ್ ಲೂಪ್, ಪಾಸ್‌ವರ್ಡ್ ಬದಲು ಎಸ್‌ಎಸ್‌ಎಚ್ ಕೀಲಿ, ರಾತ್ರಿ ಓಡಿಸಲು ಕ್ರಾನ್, ನಿನ್ನೆಯ ಓಟ ಇನ್ನೂ ಮುಗಿಯದಿದ್ದರೆ ಎರಡನೆಯದನ್ನು ತಡೆಯಲು ಫ್ಲಾಕ್.

ಭಯ ಇರುವುದು ‘ಡಿಲೀಟ್’ ಆಯ್ಕೆಯಲ್ಲಿ. ಶಾಖೆಯಲ್ಲಿ ಅಳಿಸಿದ್ದನ್ನು ಅದು ಗೋಕಾಕದಲ್ಲೂ ಅಳಿಸುತ್ತದೆ. ಹುಕ್ಕೇರಿಯ ಹಾರ್ಡ್‌ಡಿಸ್ಕ್ ಒಂದು ರಾತ್ರಿ ಮೌಂಟ್ ಆಗದೆ ಫೋಲ್ಡರ್ ಖಾಲಿ ಕಂಡರೆ, ಗೋಕಾಕದ ಪ್ರತಿಯನ್ನೂ ಖಾಲಿ ಮಾಡಿ, ಎಲ್ಲ ಸರಿಯಾಯಿತೆಂದು ಸೊನ್ನೆ ಸಂಕೇತ ಕೊಟ್ಟು ಮುಗಿಸುತ್ತದೆ! ಹಾಗಾಗಿ ಶಾಖೆಯ ಡಿಸ್ಕಿನಲ್ಲೊಂದು ಗುರುತಿನ ಫೈಲ್ ಇಟ್ಟು, ಅದು ಕಾಣದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುವಂತೆ ಬರೆಯಬೇಕು. ಅಳಿಸಿದವನ್ನು ತಾರೀಖಿನ ಹೆಸರಿನ ಫೋಲ್ಡರಿಗೆ ಸರಿಸುವ ‘ಬ್ಯಾಕಪ್-ಡಿರ್’ ಆಯ್ಕೆಯನ್ನೂ ಜೊತೆಗೇ ಕೊಡಬೇಕು. ಮೊದಲ ಸಲವಂತೂ ‘ಡ್ರೈ-ರನ್’ ಹಾಕಿ, ಏನೇನು ಅಳಿಯಲಿದೆ ಎಂಬ ಪಟ್ಟಿಯನ್ನು ಓದಿಯೇ ಓಡಿಸಿ.