ಹೊಸ್ತಿಲಲ್ಲಿ ಮೂಕನಾಗುವ ಎಡಿಟರ್

ಟೆಕೊ ಎಂಬ ಹಳೆಯ ಎಡಿಟರ್ ಬಳಸುತ್ತಿದ್ದವರ ನಡುವೆ ಒಂದು ಆಟ ಚಾಲ್ತಿಯಲ್ಲಿತ್ತು. ನಿಮ್ಮ ಹೆಸರನ್ನೇ ಅದಕ್ಕೆ ಆಜ್ಞೆಯಾಗಿ ಕೊಡಬೇಕು, ಏನಾಗುತ್ತದೆ ಎಂದು ಮೊದಲೇ ಊಹಿಸಬೇಕು. ಟೆಕೊದಲ್ಲಿ ಹೆಚ್ಚುಕಡಿಮೆ ಪ್ರತಿ ಅಕ್ಷರವೂ ಒಂದು ಆಜ್ಞೆ. ಒಂದು ಅಕ್ಷರ ಅಳಿಸುತ್ತದೆ, ಇನ್ನೊಂದು ಹುಡುಕುತ್ತದೆ, ಮತ್ತೊಂದು ಮುಂದಕ್ಕೆ ಜಿಗಿಯುತ್ತದೆ. ಯಾರ ಹೆಸರು ಬರೆದಿಟ್ಟ ಪಠ್ಯದಲ್ಲಿ ಎಷ್ಟನ್ನು ನುಂಗುತ್ತದೆ ಎಂಬುದೇ ಪಂದ್ಯ. ನಗೆಯ ಮಾತು ಹೌದು, ಆದರೆ ಆ ನಗೆಯೊಳಗೆ ಒಂದು ದೂರೂ ಇತ್ತು: ಈ ಯಂತ್ರಕ್ಕೆ ಏನು ಹೇಳಿದರೆ ಏನು ಮಾಡುತ್ತದೆ ಎಂಬುದನ್ನು ಯಾರೂ ನೆನಪಿಟ್ಟುಕೊಳ್ಳಲಾರರು.

ಟೆಕೊವನ್ನು 1960ರ ದಶಕದ ಆರಂಭದಲ್ಲಿ ಎಂಐಟಿಯಲ್ಲಿ ಡ್ಯಾನ್ ಮರ್ಫಿ ಬರೆದದ್ದು ಕಾಗದದ ಟೇಪಿನಲ್ಲಿ ತೂತು ಹೊಡೆದು ಇಟ್ಟ ಬರಹವನ್ನು ತಿದ್ದಲೆಂದು. ಮುಂದಿನ ದಶಕದಲ್ಲಿ ಅಲ್ಲಿನ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದ ಕಾರ್ಲ್ ಮಿಕ್ಕೆಲ್ಸನ್, ಒತ್ತಿದ ಕೀಲಿಯ ಫಲ ಆಗಲೇ ಪರದೆಯ ಮೇಲೆ ಕಾಣುವಂಥ ಒಂದು ಸೌಲಭ್ಯವನ್ನು ಅದಕ್ಕೆ ಸೇರಿಸಿದರು. ಸ್ಟ್ಯಾನ್‌ಫರ್ಡ್‌ಗೆ ಹೋಗಿದ್ದ ರಿಚರ್ಡ್ ಸ್ಟಾಲ್‌ಮನ್ ಅಲ್ಲಿನ 'ಇ' ಎಂಬ ಎಡಿಟರನ್ನು ನೋಡಿ ಮರಳಿದವರು ಆ ಸೌಲಭ್ಯವನ್ನು ಇನ್ನೊಂದು ಹೆಜ್ಜೆ ಮುಂದೊಯ್ದರು. ಯಾವ ಕೀಲಿಗೆ ಬೇಕಾದರೂ ನಿಮ್ಮದೇ ಒಂದು ಮ್ಯಾಕ್ರೊ, ಅಂದರೆ ಆಜ್ಞೆಗಳ ಸರಣಿ, ಕಟ್ಟಬಹುದು ಎಂದಾಯಿತು.

ಆಮೇಲೆ ನಡೆದದ್ದು ನಮ್ಮ ಅಡುಗೆಮನೆಗಳಲ್ಲಿ ನಡೆಯುವಂಥದ್ದೇ. ಒಬ್ಬೊಬ್ಬರದು ಒಂದೊಂದು ಕೈರುಚಿ. ಪ್ರಯೋಗಾಲಯದಲ್ಲಿ ಮ್ಯಾಕ್ರೊಗಳ ಬೇರೆ ಬೇರೆ ಗಂಟುಗಳು ಹುಟ್ಟಿಕೊಂಡವು. ಒಬ್ಬರ ಟರ್ಮಿನಲ್ ಮುಂದೆ ಇನ್ನೊಬ್ಬರು ಕುಳಿತರೆ ಉಪ್ಪಿನ ಡಬ್ಬಿ ಎಲ್ಲಿದೆ ಎಂದೇ ಗೊತ್ತಾಗದು. ಗೈ ಸ್ಟೀಲ್ ಇವನ್ನೆಲ್ಲ ಒಟ್ಟುಗೂಡಿಸಿ ಒಂದು ಕ್ರಮಕ್ಕೆ ತರಲು ಹೊರಟರು, ಸ್ಟಾಲ್‌ಮನ್ ಆ ಕೆಲಸವನ್ನು ಕೈಗೆತ್ತಿಕೊಂಡು ಮುಗಿಸಿದರು. 1976ರಲ್ಲಿ ಅದಕ್ಕೆ ಇಮ್ಯಾಕ್ಸ್ ಎಂದು ಹೆಸರಾಯಿತು. ಎಡಿಟಿಂಗ್ ಮ್ಯಾಕ್ರೋಸ್ ಎಂಬುದರ ಮೊಟಕು ರೂಪ.

ಇದನ್ನು ಹೇಳುವವರು ಸಾಮಾನ್ಯವಾಗಿ 'ಬಳಕೆದಾರನೇ ಬೆಳೆಸಬಹುದಾದ ಎಡಿಟರ್' ಎಂಬ ಮಾತಿಗೆ ನಿಂತುಬಿಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಬೆನ್ನಿಗೇ ಆದ ಇನ್ನೊಂದು ಆವಿಷ್ಕಾರ. ಎಡಿಟರನ್ನು ಯಾರು ಬೇಕಾದರೂ ಯಾವ ರಾತ್ರಿ ಬೇಕಾದರೂ ಬದಲಿಸಬಹುದು ಎಂದಾದ ಮೇಲೆ ಅಚ್ಚಾದ ಕೈಪಿಡಿ ಅಚ್ಚಿನ ಮನೆಯಿಂದ ಬರುವಷ್ಟರಲ್ಲೇ ಹಳೆಯದು. ಹಾಗಾದರೆ ವಿವರಣೆ ಎಲ್ಲಿರಬೇಕು? ಇಮ್ಯಾಕ್ಸ್ ಕಂಡುಕೊಂಡ ಉತ್ತರ: ಕೆಲಸ ಮಾಡುವ ಫಂಕ್ಷನ್ನಿನ ಮೈಗೇ ಅಂಟಿಕೊಂಡಿರಬೇಕು. ಫಂಕ್ಷನ್ ಬರೆಯುವವನು ಅದೇ ಉಸಿರಿನಲ್ಲಿ ಅದು ಏನು ಮಾಡುತ್ತದೆಂದು ಎರಡು ಸಾಲು ಬರೆಯುತ್ತಾನೆ. ಬಳಸುವವನು ಕಂಟ್ರೋಲ್-ಎಚ್ ಒತ್ತಿ ಕೇಳಿದರೆ ಓಡುತ್ತಿರುವ ಎಡಿಟರೇ ಆ ಸಾಲುಗಳನ್ನು ತೆಗೆದು ತೋರಿಸುತ್ತದೆ. ನಿನ್ನೆ ರಾತ್ರಿ ನೀವೇ ಬರೆದದ್ದಕ್ಕೂ ಇದೇ ಮರ್ಯಾದೆ. 1981ರಲ್ಲಿ ಸ್ಟಾಲ್‌ಮನ್ ಪ್ರಕಟಿಸಿದ ಪ್ರಬಂಧದ ಶೀರ್ಷಿಕೆಯಲ್ಲೇ, ಬೆಳೆಸಬಹುದಾದ, ಒಗ್ಗಿಸಿಕೊಳ್ಳಬಹುದಾದ ಎಂಬ ವಿಶೇಷಣಗಳ ಪಕ್ಕದಲ್ಲಿ, ತನ್ನನ್ನು ತಾನೇ ವಿವರಿಸಿಕೊಳ್ಳುವ ಎಡಿಟರ್ ಎಂಬ ಮಾತೂ ಕುಳಿತಿದೆ.

ಇದೆಲ್ಲ ಎಡಿಟರಿನ ಒಳಗಿನ ಮಾತು. ಹೊರಗಿನಿಂದ ಆಜ್ಞೆ ಟೈಪ್ ಮಾಡಿ ಪ್ರೋಗ್ರಾಮನ್ನು ತೆರೆಯುವ ಕಮಾಂಡ್ ಲೈನಿನ ವಂಶ ಬೇರೆ. ಅದು ಬೆಲ್ ಲ್ಯಾಬ್ಸ್‌ನ ಯೂನಿಕ್ಸ್ ಮನೆತನದ್ದು. ಸೆಕೆಂಡಿಗೆ ಹತ್ತು ಅಕ್ಷರ ಕುಟ್ಟುವ ಟೆಲಿಟೈಪ್ ಮುಂದೆ ಕುಳಿತವರಿಗೆ ಒಂದೊಂದು ಅಕ್ಷರವೂ ದುಬಾರಿ. ಆದ್ದರಿಂದ ಆಜ್ಞೆ ಹೇಗೆ ನಡೆಯಬೇಕೆಂದು ಹೇಳುವ ಆಪ್ಷನ್ ಎಂದರೆ ಒಂದು ಅಡ್ಡಗೀಟು, ಒಂದು ಅಕ್ಷರ, ಅಷ್ಟೇ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯ ಮೇಲೆ 1971ರ ನವೆಂಬರ್ 3 ಎಂಬ ದಿನಾಂಕವಿದೆ. ಪ್ರತಿ ಆಜ್ಞೆಗೂ ಒಂದು ಪುಟ, ಪುಟದ ಕೊನೆಯ ಭಾಗದಲ್ಲಿ 'ಬಗ್ಸ್' ಎಂಬ ತಲೆಬರಹದಡಿ ಅದರ ದೋಷಗಳ ತಪ್ಪೊಪ್ಪಿಗೆ. ತಮ್ಮ ಸರಕಿನ ಕುಂದನ್ನು ಇಷ್ಟು ನೇರವಾಗಿ ಅಚ್ಚು ಹಾಕಿಸಿದ ತಯಾರಕರು ವಿರಳ. ಆದರೂ ಅದು ಪ್ರೋಗ್ರಾಮಿನ ಹೊರಗಿದ್ದ ಪುಟ. ಪ್ರೋಗ್ರಾಂ ಬದಲಾದರೆ ಪುಟ ತಾನಾಗಿ ಬದಲಾಗದು.

ಈ ಎರಡು ಮನೆತನಗಳ ಬೀಗತನ ಗಟ್ಟಿಯಾದದ್ದು 1980ರ ದಶಕದ ನಡುವೆ. ಸ್ಟಾಲ್‌ಮನ್ 1984ರಲ್ಲಿ ತಮ್ಮ ಗ್ನೂ ಯೋಜನೆಗಾಗಿ ಗ್ನೂ ಇಮ್ಯಾಕ್ಸ್ ಬರೆಯಲು ತೊಡಗಿ ಮರುವರ್ಷ ಹೊರತಂದರು. ತಳಪಾಯ ಸಿ ಭಾಷೆಯದು, ಮೇಲಿನ ಮನೆಯೆಲ್ಲ ಲಿಸ್ಪ್. ಯೂನಿಕ್ಸ್‌ನಲ್ಲಿ ಓಡಬೇಕಾದದ್ದರಿಂದ ಅಲ್ಲಿಯ ಪದ್ಧತಿಯಂತೆ ಆಪ್ಷನ್‌ಗಳನ್ನೂ ತೆಗೆದುಕೊಳ್ಳಬೇಕಾಯಿತು. ಯೂನಿಕ್ಸ್‌ಗೆ ಚಿತ್ರಾತ್ಮಕ ಪರದೆ ಒದಗಿಸುವ ಎಕ್ಸ್ ವಿಂಡೋ ವ್ಯವಸ್ಥೆ ಬಂದಾಗ ಅದರ ರೂಢಿ ಬೇರೆ: ಒಂದೇ ಅಡ್ಡಗೀಟು, ಆದರೆ ಇಡೀ ಪದ. ಗ್ನೂ ಯೋಜನೆ ಆಮೇಲೆ ಎರಡು ಅಡ್ಡಗೀಟಿನ ಉದ್ದ ಹೆಸರುಗಳನ್ನು ಬಳಕೆಗೆ ತಂದಿತು. ಯೂನಿಕ್ಸ್‌ನಲ್ಲಿ ಒಂದು ಗೀಟಿನ ನಂತರ ಹಲವು ಅಕ್ಷರ ಗುಂಪಾಗಿ ಬಂದರೆ ಅವು ಬೇರೆ ಬೇರೆ ಆಪ್ಷನ್‌ಗಳು. ಹಾಗಾಗಿ ಇದು ಒಂದೇ ಪದ ಎಂದು ಸಾರಲು ಇನ್ನೊಂದು ಗೀಟು ಬೇಕಾಯಿತು. ಇಮ್ಯಾಕ್ಸ್ ಯಾರನ್ನೂ ಮನೆಯಿಂದ ಹೊರಹಾಕಲಿಲ್ಲ. -ಕ್ಯೂ ಎಂದರೂ ಸೈ, -ಎನ್‌ಡಬ್ಲ್ಯೂ ಎಂದರೂ ಸೈ, --ನೋ-ವಿಂಡೋ-ಸಿಸ್ಟಮ್ ಎಂದು ಪೂರ್ತಿ ಉಚ್ಚರಿಸಿದರೂ ಸೈ. ಕಡತದ ಹೆಸರಿಗೆ ಮುಂಚೆ +25 ಎಂದರೆ 25ನೇ ಸಾಲಿಗೆ ಹೋಗಿ ನಿಲ್ಲುತ್ತದೆ.

ತೊಡಕು ಕಂಡದ್ದು ಇಲ್ಲೇ. ಆಪ್ಷನ್ ಎಂಬುದು ಫಂಕ್ಷನ್ ಅಲ್ಲ. ಇಮ್ಯಾಕ್ಸ್‌ನಲ್ಲಿ ಸಿ ಭಾಷೆಯಲ್ಲಿ ಬರೆದ ಫಂಕ್ಷನ್ನಿಗೂ ಅಂಟಿದ ವಿವರಣೆಯಿದೆ, ಕೇಳಿದರೆ ಹೇಳುತ್ತದೆ. ಆಪ್ಷನ್‌ಗೆ ಅಂಥ ಮೈಯೇ ಇಲ್ಲ. ನೀವು ಆಜ್ಞೆ ಕೊಟ್ಟ ಕೂಡಲೇ ಮೊದಲು ಎಚ್ಚರಗೊಳ್ಳುವುದು ಇಮ್ಯಾಕ್ಸ್ ಡಾಟ್ ಸಿ ಎಂಬ ಕಡತದ ಕೋಡ್. ಕೆಲವು ಆಪ್ಷನ್‌ಗಳನ್ನು ಅದೇ ಗುರುತಿಸಿ ಮುಗಿಸುತ್ತದೆ. ಉಳಿದವನ್ನು ಲಿಸ್ಪ್ ಎದ್ದ ಮೇಲೆ ಸ್ಟಾರ್ಟಪ್ ಡಾಟ್ ಇಎಲ್ ಎಂಬ ಕಡತ ನೋಡಿಕೊಳ್ಳುತ್ತದೆ. ಸಿ ಕಡತದಲ್ಲಿ ಒಂದು ಕೋಷ್ಟಕವಿದೆ. ನೀವು ಯಾವ ಕ್ರಮದಲ್ಲಿ ಬರೆದರೂ ಅದು ಪ್ರತಿ ಆಪ್ಷನ್‌ಗೆ ಕೊಟ್ಟ ಅಂಕಿಯಂತೆ ಸಾಲು ಬದಲಿಸುತ್ತದೆ. ಆವೃತ್ತಿ ಕೇಳುವ ಆಪ್ಷನ್ ಮುಂದಿನ ಸಾಲಿನಲ್ಲಿ, ಮುಚ್ಚಿಬಿಡು ಎನ್ನುವ --ಕಿಲ್‌ಗೆ ಮೈನಸ್ ಹತ್ತು. ಮದುವೆ ಮನೆಯಲ್ಲಿ ಚಪ್ಪರ ಬಿಚ್ಚುವವನ ಸರದಿ ಕೊನೆಗೇ ಬರಬೇಕಲ್ಲ.

ವಿವರಣೆಯೋ, ನಾಲ್ಕು ಕಡೆ ಹಂಚಿಹೋಗಿದೆ. --ಹೆಲ್ಪ್ ಎಂದರೆ ಮುದ್ರಿಸುವ ಪಠ್ಯ ಸಿ ಕಡತದೊಳಗೆ. ದೊಡ್ಡ ಕೈಪಿಡಿಯ ಅನುಬಂಧ ಟೆಕ್ಸ್‌ಇನ್ಫೊ ರೂಪದಲ್ಲಿ. ಒಂದೇ ಮೂಲದಿಂದ ಅಚ್ಚಿನ ಪುಸ್ತಕವನ್ನೂ ಪರದೆಯ ಪುಸ್ತಕವನ್ನೂ ತೆಗೆಯುವ ಗ್ನೂ ಪದ್ಧತಿ ಅದು. ಯೂನಿಕ್ಸ್ ಸಂಪ್ರದಾಯದ ಮ್ಯಾನ್ ಪುಟ ಮೂರನೆಯದು. ಆವೃತ್ತಿಯಿಂದ ಆವೃತ್ತಿಗೆ ಏನೇನು ಬದಲಾಯಿತೆಂದು ಹೇಳುವ ನ್ಯೂಸ್ ಎಂಬ ಕಡತ ನಾಲ್ಕನೆಯದು. ನಾಲ್ಕನ್ನೂ ಕೈಯಾರೆ ತಿದ್ದಬೇಕು. ಒಳಗಿನ ಎಲ್ಲವನ್ನೂ ಬಾಯಿತುಂಬ ವಿವರಿಸುವ ಎಡಿಟರ್ ತನ್ನ ಹೊಸ್ತಿಲ ಬಗ್ಗೆ ಮಾತ್ರ ಪರರ ಬರಹಕ್ಕೆ ಕೈ ಚಾಚಬೇಕಾಯಿತು.

ಹೊಸ್ತಿಲಲ್ಲಿ ಬದಲಾವಣೆ ಕಡಿಮೆಯೇನಲ್ಲ. 2007ರಲ್ಲಿ ಬಂದ 22ನೇ ಆವೃತ್ತಿಯನ್ನೇ ನೋಡಿ. ಅದುವರೆಗೆ --ನೋ-ವಿಂಡೋಸ್ ಎಂದಿದ್ದುದು --ನೋ-ವಿಂಡೋ-ಸಿಸ್ಟಮ್ ಆಯಿತು. ಇಮ್ಯಾಕ್ಸ್ ಭಾಷೆಯಲ್ಲಿ ವಿಂಡೋ ಎಂದರೆ ಪರದೆಯೊಳಗೆ ಮಾಡಿಕೊಳ್ಳುವ ಪಾಲು. ಸಾದಾ ಟರ್ಮಿನಲ್‌ನಲ್ಲೂ ಎಷ್ಟು ಬೇಕಾದರೂ ಇರಬಹುದು. ಹಾಗಾಗಿ ಹಳೆಯ ಹೆಸರು ಮೊದಲಿನಿಂದಲೂ ತಪ್ಪು ಮಾತೇ ಆಗಿತ್ತೆಂದು ನನ್ನ ಎಣಿಕೆ. ಹಳೆಯ ಹೆಸರನ್ನು ಕೊಟ್ಟರೂ ಕೆಲಸ ಆಗುತ್ತದೆ ಎಂಬ ಔದಾರ್ಯವನ್ನೂ ಉಳಿಸಿಕೊಂಡರು. ನಿಮ್ಮ ಸ್ವಂತ ಒಗ್ಗರಣೆಯನ್ನೆಲ್ಲ ಬದಿಗಿಟ್ಟು ಬರಿಯ ಇಮ್ಯಾಕ್ಸ್ ತೆರೆಯುವ ದೊಡ್ಡಕ್ಷರದ -ಕ್ಯೂ ಬಂದದ್ದೂ ಆಗಲೇ. ಇವತ್ತು ಯಾರಾದರೂ ದೋಷ ಕಂಡಿತೆಂದು ತಿಳಿಸಿದರೆ ಮೊದಲು ಎದುರಾಗುವ ಪ್ರಶ್ನೆ, -ಕ್ಯೂ ಕೊಟ್ಟು ತೆರೆದರೂ ಹಾಗೇ ಆಗುತ್ತದೆಯೇ ಎಂಬುದು. 23ರಲ್ಲಿ --ಡೀಮನ್, 27ರಲ್ಲಿ --ಡಂಪ್-ಫೈಲ್, 29ರಲ್ಲಿ --ಇನಿಟ್-ಡೈರೆಕ್ಟರಿ. ಪಟ್ಟಿ ಬೆಳೆಯುತ್ತಲೇ ಇದೆ.

ಸತ್ತವೂ ಉಂಟು. --ಯೂನಿಬೈಟ್ ಅಂಥದ್ದು. ಪಠ್ಯವನ್ನು ಒಂದು ಅಕ್ಷರಕ್ಕೆ ಒಂದೇ ಬೈಟ್ ಎಂದು ಭಾವಿಸು ಎನ್ನುತ್ತಿತ್ತು ಅದು. 2009ರ 23ನೇ ಆವೃತ್ತಿಯಲ್ಲಿ ಇಮ್ಯಾಕ್ಸ್‌ನ ಒಳಗಿನ ಅಕ್ಷರ ವ್ಯವಸ್ಥೆಯೇ ಯೂನಿಕೋಡ್ ಆಯಿತು, ಈ ಆಪ್ಷನ್ ಹಳತೆಂದು ಸಾರಲಾಯಿತು, 24ರಲ್ಲಿ ಅದಕ್ಕೆ ಯಾವ ಪರಿಣಾಮವೂ ಉಳಿಯಲಿಲ್ಲ. ಕನ್ನಡ ಬರೆಯುವವರಿಗೆ ಇದು ದುಃಖದ ಸುದ್ದಿಯಲ್ಲ. ಒಂದು ಬೈಟಿನ ಜಗತ್ತಿನಲ್ಲಿ ನಮ್ಮ ಒತ್ತಕ್ಷರಕ್ಕೆ ಜಾಗವೆಲ್ಲಿ? ಕಂಟ್ರೋಲ್-ಎಚ್ ಒತ್ತಿ ಆಮೇಲೆ ಎಚ್ ಒತ್ತಿದರೆ ಲೋಕದ ಭಾಷೆಗಳ ವಂದನೆಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ನಮ್ಮ 'ನಮಸ್ಕಾರ'ವೂ ಇದೆ.

ಬಂದದ್ದನ್ನು ಬರೆಯುವುದು ಸುಲಭ, ಹೋದದ್ದನ್ನು ಅಳಿಸುವುದು ಕಷ್ಟ. ಹೊಸ ಆಪ್ಷನ್ ಮಾಡಿದವನಿಗೆ ಅದನ್ನು ಹೇಳಿಕೊಳ್ಳುವ ಉಮೇದು ಇರುತ್ತದೆ. ತೆಗೆದವನು ಕೋಡ್‌ನಿಂದ ನಾಲ್ಕು ಸಾಲು ಕಿತ್ತು ಎದ್ದುಹೋಗುತ್ತಾನೆ. ಹೀಗಾಗಿ ತಿದ್ದಲು ಕೂತವರಿಗೆ ಜಾಣತನಕ್ಕಿಂತ ಕೂರುವ ತಾಳ್ಮೆ ಹೆಚ್ಚು ಬೇಕು. ಒಂದು ಕಿಟಕಿಯಲ್ಲಿ ಸಿ ಕಡತದ ಕೋಷ್ಟಕ, ಇನ್ನೊಂದರಲ್ಲಿ ಮ್ಯಾನ್ ಪುಟ. ಒಂದೊಂದೇ ಸಾಲಿಗೆ ಬೆರಳಿಟ್ಟು ಹೋಗಬೇಕು: ಇದು ಅಲ್ಲಿದೆ, ಇಲ್ಲಿಲ್ಲ, ಇಲ್ಲಿದೆ, ಆದರೆ ಕೊಟ್ಟು ನೋಡಿದರೆ ಏನೂ ಆಗುವುದಿಲ್ಲ. ಅಂಗಡಿಯ ವರ್ಷದ ಲೆಕ್ಕ ತಾಳೆ ನೋಡಿದವರಿಗೆ ಈ ಕೆಲಸದ ಬೇಸರವೂ ಗೊತ್ತು, ನಡುವೆ ತಪ್ಪೊಂದು ಕೈಗೆ ಸಿಕ್ಕಾಗಿನ ಖುಷಿಯೂ ಗೊತ್ತು.

ಯಂತ್ರಕ್ಕೆ ಒಪ್ಪಿಸಬಹುದಿತ್ತಲ್ಲ ಎನ್ನಬಹುದು. ಹೆಲ್ಪ್‌ಟುಮ್ಯಾನ್ ಎಂಬ ಸಲಕರಣೆ --ಹೆಲ್ಪ್‌ನ ಪಠ್ಯದಿಂದಲೇ ಮ್ಯಾನ್ ಪುಟ ತಯಾರಿಸುತ್ತದೆ, ಗ್ನೂ ಕೋರ್‌ಯುಟಿಲ್ಸ್‌ನಂಥವು ಅದನ್ನು ಬಳಸುತ್ತವೆ. ಇಮ್ಯಾಕ್ಸ್ ಆ ದಾರಿ ಹಿಡಿಯಲಿಲ್ಲ, ಅದರ ಮ್ಯಾನ್ ಪುಟ ಇವತ್ತಿಗೂ ಕೈಬರಹ. ಅದು ಕಂಡುಕೊಂಡ ಉಪಾಯ ಹಳ್ಳಿಯ ಲೆಕ್ಕಿಗನಿಗೂ ಹೊಳೆಯುವಷ್ಟು ಸರಳ. ಬೆಳೆಯುತ್ತಿರುವ ನ್ಯೂಸ್ ಕಡತದಲ್ಲಿ ಪ್ರತಿ ಸುದ್ದಿಯ ನೆತ್ತಿಯ ಮೇಲೆ ಒಂದು ಗುರುತು. ಮೂರು ಪ್ಲಸ್ ಇದ್ದರೆ ಸಂಬಂಧಪಟ್ಟ ಕೈಪಿಡಿಗಳನ್ನೆಲ್ಲ ತಿದ್ದಿಯಾಗಿದೆ ಎಂದರ್ಥ. ಮೂರು ಮೈನಸ್ ಇದ್ದರೆ ಕೈಪಿಡಿಯಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಯಾವ ಗುರುತೂ ಇಲ್ಲದಿದ್ದರೆ ಸಾಲ ಬಾಕಿ. ಬಿಡುಗಡೆಯ ಹೊತ್ತಿಗೆ ಬೋಳು ನೆತ್ತಿಯ ಸುದ್ದಿಗಳನ್ನು ಹುಡುಕಿ ತೀರಿಸಬೇಕು, ಕೊನೆಗೆ ಗುರುತುಗಳನ್ನೂ ಅಳಿಸಬೇಕು. ಹಾಗಾಗಿ ಬಿಡುಗಡೆಯಾದ ಪ್ರತಿಯನ್ನಷ್ಟೇ ನೋಡಿದವರಿಗೆ ಇಂಥದ್ದೊಂದು ಏರ್ಪಾಡು ಇತ್ತೆಂಬ ಸುಳಿವೂ ಸಿಗದು.

ನಿಮ್ಮ ಕಂಪ್ಯೂಟರಿನಲ್ಲಿ ಇಮ್ಯಾಕ್ಸ್ ಇದ್ದರೆ --ಹೆಲ್ಪ್ ಕೊಟ್ಟು ನೋಡಿ. ಆಪ್ಷನ್‌ಗಳ ಪಟ್ಟಿ ಪರದೆ ತುಂಬಿ ಮೇಲಕ್ಕೆ ಸರಿದುಹೋಗುತ್ತದೆ. ಹಿಂದೆ ಸರಿದು ಅದರ ಆರಂಭ ಓದಿ. ದಿನದ ಬರವಣಿಗೆಗಾದರೆ ಯಾವ ಆಪ್ಷನ್ನನ್ನೂ ಕೊಡದೆ ಶುರುಮಾಡುವುದೇ ಸರಿಯಾದ ಕ್ರಮ ಎಂದು ಅಲ್ಲಿ ಬರೆದಿದೆ.