ಕಠಿಣ ಪರಿಕಲ್ಪನೆಗಳ ಕಲಿಕೆಯಲ್ಲಿ ದೃಶ್ಯ ಮಾಧ್ಯಮ ಹಾಗೂ ತಂತ್ರಜ್ಞಾನ

ಪೀಠಿಕೆ

ವಿಜ್ಞಾನ, ಗಣಿತ ಹಾಗೂ ಭೂಗೋಳ ವಿಷಯಗಳಲ್ಲಿ ಬರುವ ಅನೇಕ ಪರಿಕಲ್ಪನೆಗಳು ಕಣ್ಣಿಗೆ ನೇರವಾಗಿ ಗೋಚರಿಸುವಂತಹವಲ್ಲ. ರಕ್ತ ಪರಿಚಲನೆ, ವಿದ್ಯುತ್ ಪ್ರವಾಹ, ಭೂಮಿಯ ಪರಿಭ್ರಮಣೆ ಇವುಗಳಿಗೆ ಉದಾಹರಣೆಗಳು. ಇಂತಹ ಪಾಠಗಳನ್ನು ಕೇವಲ ಮಾತಿನಿಂದ ಬೋಧಿಸಿದಲ್ಲಿ ವಿದ್ಯಾರ್ಥಿಗಳು ವ್ಯಾಖ್ಯೆಯನ್ನು ಕಂಠಪಾಠ ಮಾಡುವ ಸಂಭವವೇ ಹೆಚ್ಚು. ಚಿತ್ರ, ಮಾದರಿ, ಚಲನಚಿತ್ರ ಹಾಗೂ ಗಣಕಯಂತ್ರದ ಅನಿಮೇಷನ್‌ಗಳು ಈ ಕೊರತೆಯನ್ನು ನೀಗಿಸಲು ಸಹಕಾರಿಯಾಗಿವೆ.

ಹಿನ್ನೆಲೆ

ಭಾರತದಲ್ಲಿ ಉಪಗ್ರಹ ಆಧಾರಿತ ಬೋಧನಾ ದೂರದರ್ಶನ ಪ್ರಯೋಗವು 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಗ್ರಾಮಗಳನ್ನು ಇದು ಒಳಗೊಂಡಿತ್ತು. ಕರ್ನಾಟಕದಲ್ಲಿ ಅಂದಿನ ಗುಲಬರ್ಗಾ, ಬಿಜಾಪುರ ಹಾಗೂ ರಾಯಚೂರು ಜಿಲ್ಲೆಗಳ ಗ್ರಾಮಗಳು ಇದರ ವ್ಯಾಪ್ತಿಗೆ ಸೇರಿದ್ದವು. ಶಿಕ್ಷಣಕ್ಕಾಗಿಯೇ ರೂಪಿಸಲಾದ ಎಜುಸ್ಯಾಟ್ ಉಪಗ್ರಹವನ್ನು 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಉಡಾಯಿಸಲಾಯಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದರ ಮೂಲಕ ಪಾಠಗಳನ್ನು ಪಡೆದವು. ಈ ಉಪಗ್ರಹದ ಸೇವೆ 2010ರಲ್ಲಿ ಕೊನೆಗೊಂಡಿತು.

ಚಿತ್ರವೂ ತಪ್ಪು ದಾರಿಗೆಳೆಯಬಹುದು

ದೃಶ್ಯ ಸಾಮಗ್ರಿಯ ಆಯ್ಕೆಯಲ್ಲಿ ಎಚ್ಚರಿಕೆ ಅಗತ್ಯ. ಭೂಮಿಯ ಕಕ್ಷೆಯು ಬಹುಮಟ್ಟಿಗೆ ವೃತ್ತಾಕಾರವಾಗಿದೆ. ಆದರೆ ಓರೆಯಾಗಿ ನೋಡಿದಂತೆ ಬಿಡಿಸಿದ ಚಿತ್ರಗಳಲ್ಲಿ ಅದು ಉದ್ದನೆಯ ಅಂಡಾಕಾರವಾಗಿ ಕಾಣುತ್ತದೆ. ಇದನ್ನು ಕಂಡ ಮಕ್ಕಳು ಭೂಮಿಯು ಸೂರ್ಯನ ಸಮೀಪ ಬಂದಾಗ ಬೇಸಿಗೆ, ದೂರ ಸರಿದಾಗ ಚಳಿಗಾಲ ಎಂದು ಭಾವಿಸುವುದುಂಟು. ವಾಸ್ತವವಾಗಿ ಭೂಮಿಯು ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿ ಮೊದಲ ವಾರದಲ್ಲಿ, ಅಂದರೆ ನಮ್ಮಲ್ಲಿ ಚಳಿಯಿರುವಾಗ. ಆಗಿನ ಅಂತರ ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈನಲ್ಲಿ ಅದು ಸುಮಾರು 15.2 ಕೋಟಿ ಕಿಲೋಮೀಟರ್. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಸುಮಾರು 23.5 ಡಿಗ್ರಿ ಓರೆ. ಗೋಳ ಹಾಗೂ ಬ್ಯಾಟರಿ ದೀಪದಿಂದ ಇದನ್ನು ತರಗತಿಯಲ್ಲಿಯೇ ತೋರಿಸಬಹುದು. ಆದುದರಿಂದ ದುಬಾರಿ ಉಪಕರಣಕ್ಕಿಂತ ಸೂಕ್ತ ಸಾಧನದ ಆಯ್ಕೆ ಮುಖ್ಯ.

ತರಗತಿಯಲ್ಲಿ ಬಳಕೆಯ ಕ್ರಮ

1. ದೃಶ್ಯವನ್ನು ತೋರಿಸುವ ಮೊದಲು ಏನು ಸಂಭವಿಸಬಹುದೆಂದು ವಿದ್ಯಾರ್ಥಿಗಳನ್ನು ಪ್ರಶ್ನಿಸುವುದು.
2. ದೃಶ್ಯವನ್ನು ಸಣ್ಣ ಭಾಗಗಳಾಗಿ ತೋರಿಸಿ, ನಡುವೆ ನಿಲ್ಲಿಸಿ ಚರ್ಚಿಸುವುದು.
3. ವೀಕ್ಷಣೆಯ ನಂತರ ವಿದ್ಯಾರ್ಥಿಗಳೇ ಚಿತ್ರ ಬಿಡಿಸಿ ತಮ್ಮ ಮಾತಿನಲ್ಲಿ ವಿವರಿಸುವಂತೆ ಮಾಡುವುದು.
4. ದೃಷ್ಟಿದೋಷವುಳ್ಳ ಮಕ್ಕಳಿಗೆ ಮಾತಿನ ವಿವರಣೆ ಹಾಗೂ ಮುಟ್ಟಿ ತಿಳಿಯುವ ಮಾದರಿ, ಶ್ರವಣದೋಷವುಳ್ಳವರಿಗೆ ಬರಹ ಅಥವಾ ಸಂಜ್ಞಾ ಭಾಷೆಯ ನೆರವು ಒದಗಿಸುವುದು.

ಸಾರ್ವಜನಿಕರಿಗೆ ಲಭ್ಯವಿರುವ ಸೌಲಭ್ಯಗಳು

ದೀಕ್ಷಾ: 2017ರಲ್ಲಿ ಆರಂಭವಾದ ಈ ರಾಷ್ಟ್ರೀಯ ವೇದಿಕೆಯ ಬಳಕೆ ಉಚಿತ. ಪಠ್ಯಪುಸ್ತಕದಲ್ಲಿ ಮುದ್ರಿತವಾಗಿರುವ ಕ್ಯೂಆರ್ ಸಂಕೇತವನ್ನು ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದಲ್ಲಿ ಆಯಾ ಪಾಠಕ್ಕೆ ಸಂಬಂಧಿಸಿದ ಸಾಮಗ್ರಿ ತೆರೆದುಕೊಳ್ಳುತ್ತದೆ. ಸಾಮಗ್ರಿಯನ್ನು ಮೊದಲೇ ಇಳಿಸಿಕೊಂಡು ಅಂತರ್ಜಾಲವಿಲ್ಲದೆಯೂ ವೀಕ್ಷಿಸಬಹುದು.

ಪಿಎಂ ಇ-ವಿದ್ಯಾ: 2020ರ ಮೇ ತಿಂಗಳಲ್ಲಿ ಪ್ರಕಟಿಸಲಾದ ಈ ಕಾರ್ಯಕ್ರಮದಡಿ 1ರಿಂದ 12ನೇ ತರಗತಿಯವರೆಗೆ ತರಗತಿಗೊಂದರಂತೆ ದೂರದರ್ಶನ ವಾಹಿನಿಗಳನ್ನು ಒದಗಿಸಲಾಯಿತು. ವಾಹಿನಿಗಳ ಸಂಖ್ಯೆಯನ್ನು 200ಕ್ಕೆ ಹೆಚ್ಚಿಸುವುದಾಗಿ 2022ರ ಕೇಂದ್ರ ಆಯವ್ಯಯದಲ್ಲಿ ಪ್ರಕಟಿಸಲಾಯಿತು. ಅಂತರ್ಜಾಲ ಸಂಪರ್ಕವಿಲ್ಲದ ಕುಟುಂಬಗಳಿಗೆ ಇದು ಉಪಯುಕ್ತ.

ಪೋಷಕರ ಗಮನಕ್ಕೆ

ಪ್ರತಿ ತರಗತಿಗೆ ಅಗತ್ಯವಿರುವ ಬೋಧನಾ-ಕಲಿಕಾ ಉಪಕರಣಗಳನ್ನು ಒದಗಿಸಬೇಕೆಂದು ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರ ಅನುಸೂಚಿಯು ವಿಧಿಸಿದೆ. ಸರ್ಕಾರಿ ಶಾಲೆಯಲ್ಲಿ ಉಪಕರಣಗಳು ಇಲ್ಲದಿದ್ದಲ್ಲಿ, ಕೆಟ್ಟಿದ್ದಲ್ಲಿ ಅಥವಾ ಬಳಕೆಯಾಗದೆ ಬೀಗದೊಳಗೆ ಉಳಿದಿದ್ದಲ್ಲಿ ಪೋಷಕರು ಮೊದಲು ಮುಖ್ಯೋಪಾಧ್ಯಾಯರ ಗಮನಕ್ಕೆ ತರಬಹುದು; ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ವಿಷಯವನ್ನು ಮಂಡಿಸಬಹುದು. ಪರಿಹಾರ ದೊರೆಯದಿದ್ದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ ಲಿಖಿತ ಮನವಿ ಸಲ್ಲಿಸಬಹುದು. ಮನವಿಯಲ್ಲಿ ಶಾಲೆಯ ಹೆಸರು, ತರಗತಿ ಹಾಗೂ ಕೊರತೆಯ ವಿವರಗಳನ್ನು ಸ್ಪಷ್ಟವಾಗಿ ನಮೂದಿಸಿ, ಸ್ವೀಕೃತಿಯನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ.