ಹಗ್ಗ ಗಟ್ಟಿ ಇದೆ, ಬ್ರೇಕು?

ಭಾನುವಾರ ಸಂಜೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುವವರಿಗೆ ಒಂದು ವಾಸನೆ ಚೆನ್ನಾಗಿ ಪರಿಚಯ. ಮೂಗಿಗೆ ಅಡರುವ ಸುಟ್ಟ ಕಮಟು. ಬಸ್ಸಿನದಲ್ಲ, ಮುಂದೆ ಹೋಗುತ್ತಿರುವ ಎತ್ತರದ ದೊಡ್ಡ ಕಾರಿನದು. ಅದರ ಹಿಂದಿನ ಕೆಂಪು ದೀಪ ತಿರುವು ಬಂದಾಗ ಮಾತ್ರ ಹತ್ತುವುದಲ್ಲ, ಉದ್ದಕ್ಕೂ ಆರುವುದೇ ಇಲ್ಲ. ಕಾಲು ಬ್ರೇಕಿನ ಮೇಲೇ ಕೂತುಬಿಟ್ಟಿದೆ ಎಂದರ್ಥ.

ಅಂಥ ಕಾರು ಕೆಟ್ಟು ನಿಂತ ಇನ್ನೊಂದು ಕಾರನ್ನು ಹಗ್ಗ ಕಟ್ಟಿ ಎಳಕೊಂಡು ಇಳಿಯುತ್ತಿದ್ದರೆ ಬಸ್ಸಿನ ಡ್ರೈವರು ದೂರವೇ ಉಳಿಯುತ್ತಾನೆ. ಹಾರನ್ನೂ ಹೊಡೆಯುವುದಿಲ್ಲ. ಅವನ ಭಯಕ್ಕೆ ಕಾರಣವಿದೆ.

ಎರಡು ಟನ್ ತೂಕದ ಗಾಡಿ ನೂರು ಮೀಟರ್ ಎತ್ತರ ಇಳಿದರೆ, ಬ್ರೇಕಿನಿಂದಲೇ ಹಿಡಿಯುವುದಾದಲ್ಲಿ ಹುಟ್ಟುವ ಶಾಖ ಸುಮಾರು ಆರು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಹಿಂದೆ ಒಂದು ಟನ್ನಿನ ಕಾರು ಜೋತುಬಿದ್ದರೆ ಒಂಬತ್ತು ಲೀಟರ್. ಹೋಟೆಲಿನವರಿಗೆ ಈ ಲೆಕ್ಕ ಬೇಗ ಅರ್ಥವಾದೀತು. ಇಷ್ಟೂ ಬಿಸಿ ಅಂಗೈಯಗಲದ ಪ್ಯಾಡುಗಳಿಗೂ ಡಿಸ್ಕುಗಳಿಗೂ ಹೋಗಬೇಕು. ವೇಗದ ಮಾತು ಬೇರೆ: ಗಂಟೆಗೆ 40 ಕಿ.ಮೀ. ಇದ್ದದ್ದು 60 ಆದರೆ, ನಿಲ್ಲಿಸಲು ಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ಬ್ರೇಕು ಸೋಲುವುದನ್ನು ಕಾಲಿಗೇ ತಿಳಿಯಬಹುದು ಎನ್ನುತ್ತಾರೆ ಗ್ಯಾರೇಜಿನವರು. ಪೆಡಲು ಗಟ್ಟಿಯಾಗಿಯೇ ಇದೆ, ಆದರೆ ಎಷ್ಟು ತುಳಿದರೂ ಗಾಡಿ ಹಿಡೀತಿಲ್ಲ ಎಂದರೆ ಪ್ಯಾಡು ಕಾದು ಹಿಡಿತ ಬಿಟ್ಟಿದೆ. ಪೆಡಲು ಮೆತ್ತಗಾಗಿ ಹಲಗೆವರೆಗೆ ಇಳಿದರೆ ಅದು ಇನ್ನೂ ಕೆಟ್ಟದ್ದು. ಬ್ರೇಕ್ ಆಯಿಲು ಕುದಿದು ಆವಿಯಾಗಿದೆ, ಕಾಲು ತುಳಿಯುತ್ತಿರುವುದು ಬರೀ ಗುಳ್ಳೆಯನ್ನು. ಈ ಆಯಿಲಿಗೆ ಗಾಳಿಯ ತೇವ ಹೀರುವ ಚಾಳಿ. ಡಾಟ್ 3 ಎಂದು ಡಬ್ಬಿಯ ಮೇಲೆ ಬರೆದಿರುವ ಆಯಿಲು ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ತಡೆಯಬೇಕು. ನೀರು ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಮಲೆನಾಡಿನ ಮಳೆ ಕೇಳಬೇಕೇ! ಲಕ್ಷಾಂತರ ಕೊಟ್ಟು ಗಾಡಿ ಕೊಂಡವರು ಕೆಲವು ನೂರು ರೂಪಾಯಿಯ ಈ ಆಯಿಲನ್ನು ವರ್ಷಗಟ್ಟಲೆ ಮರೆತಿರುತ್ತಾರೆ.

ಹಳೇ ಲಾರಿ ಡ್ರೈವರುಗಳ ಪಾಠ ಒಂದೇ: ಹತ್ತಿದ ಗೇರಿನಲ್ಲೇ ಇಳಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ತಿರುವಿಗೆ ಉಳಿಯುತ್ತದೆ. ಈಗಿನ ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರಿನ ಹಿಡಿ ‘ಡಿ’ಯಲ್ಲೇ ಬಿಟ್ಟು ಇಳಿಯುವವರು ಹೆಚ್ಚು. ಕೆಳಗಿನ ಗೇರಿಗೆ ತರುವ ಏರ್ಪಾಡು ಅದರಲ್ಲೂ ಇದೆ, ಉಪಯೋಗಿಸುವವರು ಯಾರು?

ಹಗ್ಗದ ವಿಷಯಕ್ಕೆ ಬಂದರೆ, ನಿಜವಾದ ಅಪಾಯ ಹಿಂದಿನ ಕಾರಿನಲ್ಲಿ ಕೂತವನದು. ಎಂಜಿನ್ ಓಡದಿದ್ದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರು ಕೆಲಸ ಮಾಡುವುದಿಲ್ಲ. ಎರಡು ಮೂರು ಸಲ ತುಳಿಯುವಷ್ಟರಲ್ಲಿ ಉಳಿದ ಬಲ ಮುಗಿದು ಪೆಡಲು ಕಲ್ಲಾಗುತ್ತದೆ. ಸ್ಟೀರಿಂಗೂ ಭಾರ. ಇಳಿಜಾರಿನಲ್ಲಿ ಹಗ್ಗ ಸಡಿಲಾಗಿ ಆ ಕಾರು ಮುಂದಿನದರ ಬೆನ್ನಿಗೇ ನುಗ್ಗುತ್ತದೆ. ಹಗ್ಗ ಎಳೆಯಬಲ್ಲದೇ ಹೊರತು ತಡೆಯಲಾರದು. 1989ರ ರಸ್ತೆ ನಿಯಮಗಳು ಎರಡು ವಾಹನಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಕೂಡದು, ವೇಗ ಗಂಟೆಗೆ 24 ಕಿ.ಮೀ. ಮೀರಕೂಡದು, ಹಿಂದಿನ ವಾಹನದಲ್ಲಿ ಲೈಸೆನ್ಸ್ ಇದ್ದವನೇ ಕೂರಬೇಕು ಎಂದಿದ್ದವು. ಆ ಜಾಗಕ್ಕೆ 2017ರಲ್ಲಿ ಹೊಸ ನಿಯಮಗಳು ಬಂದವು. ಘಾಟಿಯಲ್ಲಿ ಹಗ್ಗ ಹುಡುಕುವಾಗ ಇದೆಲ್ಲ ಯಾರಿಗೆ ನೆನಪಿರುತ್ತದೆ?

ಟ್ರೈಲರಿನ ಕತೆಯೂ ಹೀಗೇ. ಬ್ರಿಟನ್ನಿನಲ್ಲಿ 750 ಕಿಲೋ ಮೀರಿದ ಟ್ರೈಲರಿಗೆ ಅದರದೇ ಬ್ರೇಕು ಕಡ್ಡಾಯ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು: ಇಳಿಜಾರು ಬಂದಾಗ ಗಾಡಿಯ ಚಕ್ರಕ್ಕೇ ಮರ ಒತ್ತಿಸಿ ಬಿರಿ ಹಾಕುತ್ತಿದ್ದರು, ಭಾರವನ್ನೆಲ್ಲ ಎತ್ತಿನ ಕೊರಳಿಗೆ ಬಿಡುತ್ತಿರಲಿಲ್ಲ.

ಚಾರ್ಮಾಡಿ ಮೊದಲೇ ಇಕ್ಕಟ್ಟಿನ ರಸ್ತೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಸಂಚಾರವೇ ನಿಂತಾಗ ಎರಡೂ ಕಡೆಯ ಅಂಗಡಿಯವರು ಪಟ್ಟ ಪಾಡು ಯಾರೂ ಮರೆತಿಲ್ಲ. ಒಂದು ತಿರುವಿನಲ್ಲಿ ಎರಡು ಕಾರು ಅಡ್ಡಬಿದ್ದರೆ ಬಸ್ಸೂ ಇಲ್ಲ, ಸಾಮಾನೂ ಇಲ್ಲ.

ಹಗ್ಗ ಕಟ್ಟುವ ಮೊದಲು ಕೆಟ್ಟ ಕಾರಿನಲ್ಲಿ ಕೂರುವವನು ನಿಂತಲ್ಲೇ ಪೆಡಲನ್ನು ಮೂರು ನಾಲ್ಕು ಸಲ ತುಳಿದು ನೋಡಲಿ. ಕಾಲಿಗೆ ಆಗದು ಅನ್ನಿಸಿದರೆ ಮೂಡಿಗೆರೆಗೋ ಉಜಿರೆಗೋ ಫೋನು ಮಾಡಿ ಕ್ರೇನು ತರಿಸುವುದು. ಅದು ಬರುವಷ್ಟರಲ್ಲಿ ಕೊಟ್ಟಿಗೆಹಾರದಲ್ಲಿ ಒಂದು ಪ್ಲೇಟು ನೀರುದೋಸೆ ಆಗುತ್ತದೆ.